ಹುಳುಕು ಹೆಗ್ಗಳಿಕೆಯಾಗುವ ಬಗೆ

ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪನ ತೋಟದಲ್ಲಿ ಒಂದು ಜನವರಿ ತಿಂಗಳು ಅಕಾಲದ ಮಳೆ ಮೂರು ದಿನ ಬಿಡದೆ ಸುರಿಯಿತು. ಕಣದ ತುಂಬ ಅರೇಬಿಕಾ ಚೆರಿ, ಅಂದರೆ ಇಡೀ ಕಾಫಿ ಹಣ್ಣು, ಒಣಗಲು ಹರಡಿತ್ತು. ರಾತ್ರಿಯೇ ಎದ್ದು ಟಾರ್ಪಾಲು ಹೊದಿಸಿದರೂ ಅಡಿಯಿಂದ ನೀರು ನುಗ್ಗಿ ರಾಶಿಯ ಅರ್ಧ ನೆನೆದುಹೋಯಿತು. ವಾರ ಕಳೆಯುವಷ್ಟರಲ್ಲಿ ಕಾಫಿಗೆ ಬೂಷ್ಟು ಹಿಡಿದಿತ್ತು. ಕೊಳ್ಳಲು ಬಂದ ವ್ಯಾಪಾರಿ ಒಂದು ಹಿಡಿ ಎತ್ತಿ ಮೂಸಿದರು, ತೇವಾಂಶ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದರು, ಆಮೇಲೆ ಮೆಲ್ಲಗೆ, "ಗೌಡರೇ, ಇದಕ್ಕೆ ಪೇಟೆಯ ರೇಟು ಸಿಗುವುದಿಲ್ಲ" ಎಂದರು. ಚಿಕ್ಕಪ್ಪ ಚೌಕಾಸಿ ಮಾಡಲಿಲ್ಲ. ಕಣ್ಣೆದುರಿಗೇ ಇರುವ ಕುಂದನ್ನು ಅಲ್ಲಗಳೆಯುವ ಮನುಷ್ಯ ಅವರಲ್ಲ.

ಅದೇ ವಾರ ಚಿಕ್ಕಮಗಳೂರು ಪೇಟೆಯ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಚಿನ್ನದ ಬಣ್ಣದ ಒಂದು ಪ್ಯಾಕೆಟ್ ಕಂಡೆ. 'ಮಾನ್ಸೂನ್ಡ್ ಮಲಬಾರ್' ಎಂದು ಅದರ ಮೇಲೆ ಬರೆದಿತ್ತು. ಮಳೆಗಾಳಿಗೆ ಒಡ್ಡಿ, ತೇವ ಕುಡಿಸಿ, ಉಬ್ಬಿಸಿದ ಕಾಫಿ. ಬೆಲೆ ಮಾಮೂಲಿ ಪುಡಿಗಿಂತ ಎಷ್ಟೋ ಹೆಚ್ಚು. ಒಬ್ಬರ ಕಣದಲ್ಲಿ ತೇವ ಎಂದರೆ ಬೆಲೆ ಕಡಿತ, ಇನ್ನೊಬ್ಬರ ಪ್ಯಾಕೆಟ್ಟಿನಲ್ಲಿ ಅದೇ ತೇವ ಹೆಮ್ಮೆಯ ಮಾತು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕಂಪನಿಗಳು ತಮ್ಮ ಸರಕಿನ ದೋಷವನ್ನೇ ಪ್ರಚಾರದ ಬಂಡವಾಳ ಮಾಡಿಕೊಳ್ಳುವ ಬಗೆಯನ್ನು ಓದುತ್ತಾ ಹೋದಂತೆ, ಇದರಲ್ಲಿ ಪ್ರಾಮಾಣಿಕ ದಾರಿಗಳೂ ಇವೆ, ಅಪ್ಪಟ ಮೋಸವೂ ಇದೆ, ಎರಡೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ ಎಂಬುದು ತಿಳಿಯಿತು. ಕೊಳ್ಳುವ ನಾವು ಅವುಗಳನ್ನು ಬೇರ್ಪಡಿಸಿ ನೋಡಲು ಕಲಿಯಬೇಕು.

ಮಾನ್ಸೂನ್ಡ್ ಕಾಫಿಯ ಕಥೆಯಿಂದಲೇ ಶುರು ಮಾಡೋಣ. ಹಾಯಿ ಹಡಗುಗಳ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿಯನ್ನು ಬಳಸಿ ಯೂರೋಪು ತಲುಪಲು ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ಮರದ ಹಡಗಿನ ಒಡಲಲ್ಲಿ ಸಮುದ್ರದ ತೇವ ಕುಡಿದ ಬೀಜ ಉಬ್ಬಿ, ಹಸಿರು ಬಣ್ಣ ಕಳೆದುಕೊಂಡು, ಹುಲ್ಲಿನ ಹಳದಿಗೆ ತಿರುಗುತ್ತಿತ್ತು. ಹುಳಿ ಅಂಶ ಇಳಿದು, ಮಣ್ಣಿನ ವಾಸನೆ ಬೆರೆತ ಮೆತ್ತನೆಯ ರುಚಿ ಬರುತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಸಾಗಾಟದಲ್ಲಿ ಕೆಟ್ಟ ಸರಕು. ಆದರೆ ಅಲ್ಲಿನವರಿಗೆ ಭಾರತದ ಕಾಫಿ ಎಂದರೆ ಇರುವುದೇ ಹೀಗೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಬೆ ಹಡಗುಗಳು ಬಂದವು, ಪ್ರಯಾಣದ ಕಾಲ ಕುಗ್ಗಿತು. ಕಾಫಿ ಹಸಿರಾಗಿಯೇ, ನಾವು ಕಳಿಸಿದ ಹಾಗೆಯೇ ತಲುಪತೊಡಗಿತು. ಕೊಳ್ಳುವವರು ಸಂತೋಷಪಡುವ ಬದಲು, ಹಳೆಯ ರುಚಿ ಎಲ್ಲಿ ಹೋಯಿತು ಎಂದು ಕೇಳಿದರು.

ಆ ಬೇಡಿಕೆಗೆ ಉತ್ತರವಾಗಿ ಹುಟ್ಟಿದ್ದು ಮಂಗಳೂರು ಕಡೆಯ ಗೋದಾಮುಗಳ ಪದ್ಧತಿ. ಮಲೆನಾಡಿನಿಂದ ಘಟ್ಟ ಇಳಿದು ಹೋದ ಒಣ ಚೆರಿ ಕಾಫಿಯ ಬೇಳೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸುತ್ತಲೂ ಗಾಳಿಯಾಡುವ ಗೋದಾಮಿನ ನೆಲದಲ್ಲಿ ತೆಳುವಾಗಿ ಹರಡುತ್ತಾರೆ. ದಿನವೂ ಕೈಯಾಡಿಸುತ್ತಾರೆ. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ಚೀಲಗಳ ನಡುವೆ ಮಳೆಗಾಳಿ ನುಸುಳುವಂತೆ ಸಾಲಾಗಿ ಜೋಡಿಸುತ್ತಾರೆ. ಚೀಲದಿಂದ ಚೀಲಕ್ಕೆ ಸುರಿದು ಬದಲಿಸುತ್ತಾ ಹೋಗುತ್ತಾರೆ. ಹನ್ನೆರಡರಿಂದ ಹದಿನಾರು ವಾರಗಳಲ್ಲಿ ಬೀಜ ಉಬ್ಬಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹುಳು ಬಿದ್ದದ್ದು, ಕಪ್ಪಾದದ್ದು, ಉಬ್ಬದೆ ಉಳಿದದ್ದನ್ನು ಆರಿಸಿ ತೆಗೆಯುತ್ತಾರೆ. ಇಂದು ಈ ಕಾಫಿಗೆ ಜಿಐ, ಅಂದರೆ ಹುಟ್ಟಿದ ಊರಿನ ಹೆಸರನ್ನು ಕಾಪಾಡುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಚಿಕ್ಕಪ್ಪನ ಕಣದ ಕಾಫಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸಿಗುತ್ತದೆ. ಕಣದಲ್ಲಿ ನೆನೆದ ಕಾಫಿ ಒಂದೊಂದು ಕಡೆ ಒಂದೊಂದು ಥರ ಕೆಟ್ಟಿರುತ್ತದೆ. ಮುಂದಿನ ವರ್ಷ ಅದೇ ರುಚಿ ಬೇಕೆಂದರೆ ಕೊಡಲಾಗದು. ಅದರಲ್ಲಿ ಬೆಳೆದ ಬೂಷ್ಟು ಆರೋಗ್ಯಕ್ಕೂ ಒಳ್ಳೆಯದಲ್ಲ. ಗೋದಾಮಿನ ಕಾಫಿ ನೆನೆಯುವುದಿಲ್ಲ, ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ಪ್ರತಿ ಹಂತವೂ ಮನುಷ್ಯನ ಹಿಡಿತದಲ್ಲಿದೆ, ಪ್ರತಿ ವರ್ಷವೂ ಅದೇ ಫಲ ಬರುತ್ತದೆ, ಕೊಳ್ಳುವವನಿಗೆ ತಾನೇನು ಕೊಳ್ಳುತ್ತಿದ್ದೇನೆಂದು ಗೊತ್ತಿದೆ. ಆಕಸ್ಮಿಕವಾಗಿ ಬಂದ ಕುಂದನ್ನು ಬೇಕೆಂದಾಗ ಮತ್ತೆ ಮಾಡಬಲ್ಲ ಕಸುಬಾಗಿ ಪಳಗಿಸಿದ್ದರಿಂದ ಅದಕ್ಕೆ ಬೆಲೆ ಬಂತು. ಅದರ ಹಿಂದೆ ಕೂಲಿಯವರ ನಾಲ್ಕು ತಿಂಗಳ ದುಡಿಮೆ ಇದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಪೀಬೆರಿಯ ವಿಷಯ ಅಷ್ಟು ಸರಳವಲ್ಲ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜಗಳು ಚಪ್ಪಟೆ ಮುಖ ಒತ್ತಿಕೊಂಡು ಕುಳಿತಿರುತ್ತವೆ. ಕೆಲವು ಹಣ್ಣುಗಳಲ್ಲಿ ಒಂದು ಬೀಜ ಕಟ್ಟುವುದೇ ಇಲ್ಲ, ಉಳಿದ ಒಂದೇ ಬೀಜ ಬಟಾಣಿಯಂತೆ ದುಂಡಗಾಗುತ್ತದೆ. ಗಿಡದ ಮಟ್ಟಿಗೆ ಇದೊಂದು ಕೊರತೆ. ಹೊಸ ತಳಿ ರೂಪಿಸುವವರು ಪೀಬೆರಿ ಹೆಚ್ಚು ಬರುವ ಗಿಡವನ್ನು ಇಷ್ಟಪಡುವುದಿಲ್ಲ, ಇಳುವರಿ ಇಳಿಯುತ್ತದೆ. ಆದರೆ ಕಾಫಿಯ ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಜರಡಿಯಲ್ಲಿ ಅದು ಬೇರೆಯಾಗಿ ಬೀಳುತ್ತದೆ, 'ಪಿಬಿ' ಎಂಬ ದರ್ಜೆಯ ಹೆಸರು ಪಡೆಯುತ್ತದೆ. ನಮ್ಮೂರಿನ ಪುಡಿ ಅಂಗಡಿಗಳಲ್ಲಿ "ಅರ್ಧ ಪಿಬಿ, ಅರ್ಧ ಪ್ಲಾಂಟೇಶನ್ ಎ ಹಾಕಿ" ಎಂದು, ದೊಡ್ಡ ಚಪ್ಪಟೆ ಬೀಜದ ದರ್ಜೆಯ ಜೊತೆ ಇದನ್ನು ಬೆರೆಸಿ ಕೇಳುವ ಗಿರಾಕಿಗಳು ದಿನವೂ ಸಿಗುತ್ತಾರೆ. ದುಂಡಗಿನ ಬೀಜ ಹುರಿಯುವಾಗ ಚೆನ್ನಾಗಿ ಉರುಳಿ ಸಮನಾಗಿ ಬೇಯುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಒಂದು ಹಣ್ಣಿನ ಪೂರ್ತಿ ಸಾರ ಒಂದೇ ಬೀಜಕ್ಕೆ ಇಳಿದಿದೆ ಎಂದು ಅಂಗಡಿಯವರು ಹೇಳುವ ಮಾತನ್ನು ನಾನು ನಂಬುವುದಿಲ್ಲ. ಒಂದೇ ತೋಟದ ಪಿಬಿ ಮತ್ತು ಎ ದರ್ಜೆಯ ಪುಡಿಯನ್ನು ಮನೆಯಲ್ಲಿ ಎರಡು ಫಿಲ್ಟರಿಗೆ ಹಾಕಿ, ಕಣ್ಣು ಮುಚ್ಚಿ ಕುಡಿದು ನೋಡಿದ್ದೇನೆ. ನನ್ನ ನಾಲಿಗೆಗೆ ವ್ಯತ್ಯಾಸ ಹತ್ತಲಿಲ್ಲ. ಅಪರೂಪಕ್ಕೆ ಬೆಲೆ ತೆರುವುದು ತಪ್ಪಲ್ಲ, ರುಚಿಗೆ ತೆರುತ್ತಿದ್ದೇನೆಂದು ತಿಳಿದು ಅಪರೂಪಕ್ಕೆ ತೆರಬಾರದು.

ಇಂತಹ ಪಲ್ಲಟಕ್ಕೆ ಅಮೆರಿಕದ ಹಳೆಯ ಕಥೆಯೊಂದನ್ನು ಜಾಹೀರಾತು ಕಲಿಯುವವರಿಗೆ ಇಂದಿಗೂ ಹೇಳುತ್ತಾರೆ. ಜೇಮ್ಸ್ ವೆಬ್ ಯಂಗ್ ಎಂಬ ಹೆಸರಾಂತ ಜಾಹೀರಾತುಗಾರ ನ್ಯೂ ಮೆಕ್ಸಿಕೊದ ಬೆಟ್ಟಗಳಲ್ಲಿ ಸೇಬು ಬೆಳೆದು ಅಂಚೆಯ ಮೂಲಕ ಮಾರುತ್ತಿದ್ದರು. ಒಂದು ವರ್ಷ ಆಲಿಕಲ್ಲು ಮಳೆಗೆ ಸಿಕ್ಕಿ ಸೇಬಿನ ಮೈಯೆಲ್ಲ ಕಲೆಯಾಯಿತು. ಅವರು ಪ್ರತಿ ಪೆಟ್ಟಿಗೆಯಲ್ಲಿ ಒಂದು ಚೀಟಿ ಇಟ್ಟು ಕಳಿಸಿದರು. ಈ ಕಲೆಗಳು ಆಲಿಕಲ್ಲಿನ ಗುರುತು, ಎತ್ತರದ ಬೆಟ್ಟದಲ್ಲಿ ಬೆಳೆದದ್ದಕ್ಕೆ ಸಾಕ್ಷಿ, ಅಲ್ಲಿನ ದಿಢೀರ್ ಚಳಿಯೇ ಹಣ್ಣನ್ನು ಗಟ್ಟಿಯಾಗಿ, ಸಿಹಿಯಾಗಿ ಮಾಡುತ್ತದೆ ಎಂಬುದು ಆ ಚೀಟಿಯ ಒಕ್ಕಣೆ. ಮೆಚ್ಚದಿದ್ದರೆ ಹಣ ವಾಪಸು ಎಂಬ ಮಾತು ಮೊದಲಿನಿಂದಲೂ ಇತ್ತು. ಸೇಬು ತಿರುಗಿ ಬರಲಿಲ್ಲ. ಮರುವರ್ಷ ಕೆಲವರು ಕಲೆಯಿರುವ ಸೇಬೇ ಬೇಕೆಂದು ಬರೆದರಂತೆ.

ಈ ಕಥೆಯಲ್ಲಿ ಚೀಟಿಯ ಜಾಣ್ಮೆಯನ್ನೇ ಎಲ್ಲರೂ ಕೊಂಡಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಹಣ ವಾಪಸು ಎಂಬ ಮಾತು. ಕಲೆ ತೊಗಟೆಗೆ ಮಾತ್ರ ತಾಕಿದೆ, ತಿರುಳು ಚೆನ್ನಾಗಿದೆ ಎಂಬ ನಂಬಿಕೆ ಇದ್ದವನು ಮಾತ್ರ ಆ ಮಾತು ಕೊಡಬಲ್ಲ. ಒಳಗೂ ಕೊಳೆತಿದ್ದರೆ ಅದೇ ಚೀಟಿ ಅವನನ್ನು ಮುಳುಗಿಸುತ್ತಿತ್ತು. ಸರಕಿನ ನಿಜವಾದ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮತೆ ಪೇಟೆಯನ್ನೇ ಹೇಗೆ ಹಾಳುಮಾಡಬಲ್ಲದು ಎಂಬುದನ್ನು ಹಳೆಯ ಕಾರುಗಳ ಮಾರಾಟದ ಉದಾಹರಣೆಯಿಂದ 1970ರಲ್ಲಿ ವಿವರಿಸಿದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 2001ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಗ್ಯಾರಂಟಿ ಎಂಬುದು ಆ ಕತ್ತಲೆಯಲ್ಲಿ ಹಿಡಿಯುವ ದೀಪ. ಸುಳ್ಳಾದರೆ ನಷ್ಟ ನನ್ನದೇ ಎಂದು ಮಾರುವವನು ತನ್ನನ್ನೇ ಕಟ್ಟಿಹಾಕಿಕೊಂಡಾಗ ಅವನ ಮಾತಿಗೆ ತೂಕ ಬರುತ್ತದೆ.

ನಮ್ಮ ದೇಶದ್ದೇ ಒಂದು ಕಥೆ ಇದಕ್ಕಿಂತ ಸ್ವಾರಸ್ಯದ್ದು. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಆಗ ಕೈಮಗ್ಗದ ಬಟ್ಟೆ ರಫ್ತು ಮಾಡುತ್ತಿದ್ದರು. 1958ರಲ್ಲಿ ಅಮೆರಿಕದ ಆಮದುದಾರರೊಬ್ಬರು ಅವರಿಂದ ಮದ್ರಾಸ್ ಚೌಕುಳಿ ಬಟ್ಟೆ ಕೊಂಡು ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್‌ಗೆ ಮಾರಿದರು. ಗಿಡಮೂಲದ ಬಣ್ಣ, ತಣ್ಣೀರಿನಲ್ಲಿ ಹಗುರವಾಗಿ ಒಗೆಯಬೇಕು ಎಂಬ ಎಚ್ಚರಿಕೆ ಗಿರಾಕಿಗಳವರೆಗೆ ತಲುಪಲಿಲ್ಲ. ಅಂಗಿಗಳನ್ನು ಯಂತ್ರಕ್ಕೆ ಹಾಕಿದರು, ಬಣ್ಣ ಬಿಟ್ಟಿತು, ದೂರುಗಳು ಬಂದವು, ವಿಷಯ ವಕೀಲರ ತನಕ ಹೋಯಿತು. ಕೊನೆಗೆ ಹೊಳೆದದ್ದು ಬೇರೆಯೇ ದಾರಿ. ಈ ಬಟ್ಟೆ ಬಣ್ಣ ಬಿಡುವುದೇ ಅದರ ಚೆಲುವು, ಒಗೆದಾಗಲೆಲ್ಲ ಹೊಸ ಛಾಯೆ ಮೂಡುತ್ತದೆ ಎಂದು ಅಮೆರಿಕದ ಯುವತಿಯರ ಪತ್ರಿಕೆಯೊಂದರಲ್ಲಿ ಪುಟಗಟ್ಟಲೆ ಲೇಖನ ಬಂತು. ಬಣ್ಣ ಬಿಟ್ಟೇ ಬಿಡುತ್ತದೆ ಎಂದು ಗ್ಯಾರಂಟಿ ಕೊಟ್ಟು ಮಾರಿದರು. ಅರವತ್ತರ ದಶಕದ ಕಾಲೇಜು ಹುಡುಗರ ಮೈಮೇಲೆ ಮದ್ರಾಸ್ ಅಂಗಿ ಮೆರೆಯಿತು. ಮೊದಲೇ ಹೇಳಿದ್ದರೆ ಕುಂದು ಎನಿಸದ ಸಂಗತಿ, ಹೇಳದೆ ಬಿಟ್ಟದ್ದರಿಂದ ದೂರಾಯಿತು. ಹೇಳಿದ ಮೇಲೆ ಅದೇ ಆಕರ್ಷಣೆಯಾಯಿತು.

ಮನುಷ್ಯರ ಮನಸ್ಸು ಇದಕ್ಕೆ ಯಾಕೆ ಒಲಿಯುತ್ತದೆ? 1966ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಮಿನೆಸೊಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧ್ವನಿಮುದ್ರಣಗಳನ್ನು ಕೇಳಿಸಿದರು. ಒಂದರಲ್ಲಿ ರಸಪ್ರಶ್ನೆಗೆ ಶೇ 92ರಷ್ಟು ಸರಿಯುತ್ತರ ಕೊಡುವ ಜಾಣ, ಇನ್ನೊಂದರಲ್ಲಿ ಶೇ 30ರಷ್ಟು ಮಾತ್ರ ಸರಿ ಹೇಳುವ ಸಾಧಾರಣ ಹುಡುಗ. ಕೆಲವು ಮುದ್ರಣಗಳ ಕೊನೆಯಲ್ಲಿ ಆತ ತನ್ನ ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಳ್ಳುವ ಸದ್ದು. ಕಾಫಿ ಚೆಲ್ಲಿಕೊಂಡ ಜಾಣ ಕೇಳುಗರಿಗೆ ಇನ್ನಷ್ಟು ಇಷ್ಟವಾದ. ಕಾಫಿ ಚೆಲ್ಲಿಕೊಂಡ ಸಾಧಾರಣದವನ ಮೇಲಿನ ಒಲವು ಮಾತ್ರ ಇನ್ನೂ ಇಳಿಯಿತು. ಈ ಪ್ರಯೋಗದ ಮೊದಲರ್ಧವನ್ನೇ ಎಲ್ಲ ಮಾರಾಟ ತರಬೇತಿಗಳಲ್ಲಿ ಹೇಳುತ್ತಾರೆ, ಎರಡನೆಯ ಅರ್ಧವನ್ನು ಮರೆಯುತ್ತಾರೆ. ತಪ್ಪೊಪ್ಪಿಗೆ ಒಳ್ಳೆಯ ಸರಕಿಗೆ ಮೆರುಗು ಕೊಡುತ್ತದೆ, ಕಳಪೆ ಸರಕನ್ನು ಎತ್ತಲಾರದು.

ಇದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಮನಶ್ಶಾಸ್ತ್ರಜ್ಞ ಕಾರ್ಲ್ ಹಾವ್‌ಲ್ಯಾಂಡ್ ಮತ್ತು ಜೊತೆಗಾರರು ಅಮೆರಿಕದ ಸೈನಿಕರ ಮೇಲೆ ಇನ್ನೊಂದು ಪರೀಕ್ಷೆ ಮಾಡಿದ್ದರು. ಜಪಾನಿನ ಜೊತೆಗಿನ ಯುದ್ಧ ಇನ್ನೂ ಬಹಳ ಕಾಲ ನಡೆಯಬಹುದು ಎಂದು ಮನವರಿಕೆ ಮಾಡಿಸುವ ರೇಡಿಯೊ ಭಾಷಣ ಅದು. ಒಂದು ಗುಂಪಿಗೆ ಒಂದೇ ಕಡೆಯ ವಾದ, ಇನ್ನೊಂದಕ್ಕೆ ಎದುರು ವಾದವನ್ನೂ ಒಪ್ಪಿಕೊಂಡ ವಾದ. ಮೊದಲೇ ಒಪ್ಪಿದ್ದವರಿಗೆ ಒಮ್ಮುಖದ ಮಾತು ಸಾಕಾಯಿತು. ಒಪ್ಪದಿದ್ದವರನ್ನು, ಹೆಚ್ಚು ಓದಿದ್ದವರನ್ನು ಅಲುಗಾಡಿಸಿದ್ದು ಎರಡು ಮುಖದ ಮಾತು. ಸಂತೆಯಲ್ಲಿ ದನ ಕೊಳ್ಳುವ ನಮ್ಮ ರೈತರಿಗೆ ಈ ಪರೀಕ್ಷೆಯ ಅಗತ್ಯವಿರಲಿಲ್ಲ. "ಹಾಲು ಸಾಕಷ್ಟು ಕೊಡುತ್ತದೆ, ಆದರೆ ಹೊಸಬರು ಕರೆಯಲು ಹೋದರೆ ಒದೆಯುತ್ತದೆ" ಎಂದ ಮಾರಾಟಗಾರನ ಹಸುವನ್ನೇ ನಂಬಿ ಕೊಳ್ಳುವುದು ಅವರ ರೂಢಿ.

ಜಾಹೀರಾತಿನ ಚರಿತ್ರೆಯಲ್ಲಿ ಈ ಸೂತ್ರವನ್ನು ಅತಿ ಧೈರ್ಯದಿಂದ ಬಳಸಿದ್ದು ಫೋಕ್ಸ್‌ವ್ಯಾಗನ್. ದೊಡ್ಡ ಕಾರುಗಳನ್ನು ಮೋಹಿಸುತ್ತಿದ್ದ ಅಮೆರಿಕದಲ್ಲಿ ಅದರ ಬೀಟಲ್ ಪುಟ್ಟದು, ಕುರೂಪಿ, ವೇಗವಿಲ್ಲದ್ದು. 1959ರಲ್ಲಿ ಡಾಯ್ಲ್ ಡೇನ್ ಬರ್ನ್‌ಬಾಕ್ ಜಾಹೀರಾತು ಸಂಸ್ಥೆ, ಚಿಕ್ಕದಾಗಿ ಯೋಚಿಸಿ ಎಂಬ ಶೀರ್ಷಿಕೆಯಡಿ, ಖಾಲಿ ಪುಟದ ಮೂಲೆಯಲ್ಲಿ ಕಾರನ್ನು ಪುಟ್ಟದಾಗಿ ನಿಲ್ಲಿಸಿತು. ಮರುವರ್ಷದ ಜಾಹೀರಾತಿನಲ್ಲಿ ಕಾರಿನ ಚಿತ್ರದ ಕೆಳಗೆ 'ಲೆಮನ್' ಎಂಬ ಒಂದೇ ಪದ. ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಕೆಟ್ಟುಹೋದ ಕಾರು ಎಂದರ್ಥ. ಚಾಲಕನ ಪಕ್ಕದ ಸೀಟಿನ ಎದುರಿಗಿರುವ ಸಣ್ಣ ಖಾನೆಯ (ಗ್ಲೋವ್ ಬಾಕ್ಸ್) ಮೇಲಿನ ಕ್ರೋಮ್ ಪಟ್ಟಿಯಲ್ಲಿ ಕಲೆಯಿದ್ದ ಕಾರಣಕ್ಕೆ ಈ ಕಾರನ್ನು ಹಡಗಿಗೆ ಹತ್ತಿಸಲಿಲ್ಲ ಎಂದು ಕೆಳಗಿನ ಸಣ್ಣ ಬರಹ ಹೇಳುತ್ತಿತ್ತು. ಕುಂದನ್ನು ತೋರಿಸುವ ನೆಪದಲ್ಲಿ ತಪಾಸಣೆಯ ಕಟ್ಟುನಿಟ್ಟನ್ನು ಹೇಳಿದ ಆ ಪುಟವನ್ನು ಇಂದಿಗೂ ಮೆಚ್ಚುತ್ತೇನೆ. ಬಾಯಿ ಮುಕ್ಕಳಿಸುವ ಲಿಸ್ಟರಿನ್ ತನ್ನ ಕೆಟ್ಟ ರುಚಿಯನ್ನೂ, ಗಿನ್ನೆಸ್ ಬಿಯರ್ ಲೋಟ ತುಂಬಲು ಹಿಡಿಯುವ ಹೊತ್ತನ್ನೂ, ಕಾರು ಬಾಡಿಗೆಯ ಏವಿಸ್ 1962ರಲ್ಲಿ ತಾನು ಎರಡನೆಯ ಸ್ಥಾನದಲ್ಲಿರುವುದನ್ನೂ ಹೀಗೆಯೇ ಮುಂದಿಟ್ಟು ಗೆದ್ದವು. ಘಾಟಿಲ್ಲದ ಕಷಾಯಕ್ಕೆ ಗುಣವಿಲ್ಲ ಎಂದು ನಂಬುವ ಅಜ್ಜಿಯರ ನಾಡಿನವರಿಗೆ ಲಿಸ್ಟರಿನ್‌ನ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಕಿನ ಜೊತೆಗೇ ಹುಟ್ಟಿಬಂದ ಗುಣದ ಮಾತು. ನಿಜವಾದ ಎಡವಟ್ಟು ನಡೆದಾಗ ಏನು ಮಾಡುತ್ತಾರೆ ಎಂಬುದು ಬೇರೆ ವಿಷಯ. 2018ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ತನ್ನ ಸಾಗಾಟದ ಗುತ್ತಿಗೆಯನ್ನು ಹೊಸ ಕಂಪನಿಗೆ ಕೊಟ್ಟಿತು. ವ್ಯವಸ್ಥೆ ಕುಸಿದು, ಕೋಳಿ ಮಾರುವ ಅಂಗಡಿಗಳಲ್ಲೇ ಕೋಳಿಯಿಲ್ಲದೆ ನೂರಾರು ಮಳಿಗೆಗಳು ಬಾಗಿಲು ಮುಚ್ಚಿದವು. ಕಂಪನಿ ಪತ್ರಿಕೆಗಳಲ್ಲಿ ಪೂರ್ಣ ಪುಟದ ಕ್ಷಮಾಪಣೆ ಹಾಕಿತು. ಖಾಲಿ ಡಬ್ಬಿಯ ಚಿತ್ರ, ಅದರ ಮೇಲೆ ತನ್ನ ಹೆಸರಿನ ಮೂರು ಅಕ್ಷರಗಳನ್ನು ಅದಲುಬದಲು ಮಾಡಿ, ಕೈಹಿಸುಕಿಕೊಂಡಾಗ ಇಂಗ್ಲಿಷರ ಬಾಯಲ್ಲಿ ಬರುವ ಬೈಗುಳದಂತೆ ಓದಿಸಿಕೊಳ್ಳುವ ಪದ. ಕೆಳಗೆ ನೇರವಾದ ಕ್ಷಮೆ, ಅಂಗಡಿಯ ಕೆಲಸಗಾರರಿಗೆ ಧನ್ಯವಾದ. ಜನ ನಕ್ಕರು, ಕ್ಷಮಿಸಿದರು. ಇಲ್ಲಿ ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಒಂದು ಹೊತ್ತಿನ ಊಟ ತಪ್ಪಿದ್ದಕ್ಕೆ ನಗೆ ಒಪ್ಪುತ್ತದೆ, ಆಸ್ಪತ್ರೆಗೆ ಸೇರಿಸಿದ ಸರಕಿಗೆ ಒಪ್ಪುವುದಿಲ್ಲ.

ಅಮೆರಿಕದ ಡಾಮಿನೋಸ್ 2009ರ ಕೊನೆಯಲ್ಲಿ ತನ್ನ ಪಿಜ್ಜಾದ ತಳ ರಟ್ಟಿನಂತಿದೆ ಎಂದು ಗಿರಾಕಿಗಳು ಬೈದ ಮಾತುಗಳನ್ನು ತಾನೇ ಜಾಹೀರಾತಿನಲ್ಲಿ ತೋರಿಸಿತು. ಆದರೆ ತೋರಿಸುವ ಮೊದಲು ಹಿಟ್ಟು, ಸಾಸ್, ಚೀಸ್ ಮೂರನ್ನೂ ಹೊಸದಾಗಿ ರೂಪಿಸಿತ್ತು. 2010ರ ಮೊದಲ ಮೂರು ತಿಂಗಳಲ್ಲಿ ಹಳೆಯ ಮಳಿಗೆಗಳ ವಹಿವಾಟು ಶೇ 14.3ರಷ್ಟು ಏರಿತು. ಹಳೆಯ ಪಿಜ್ಜಾವನ್ನೇ ಇಟ್ಟುಕೊಂಡು ಬರಿದೇ ಕ್ಷಮೆ ಕೇಳಿದ್ದರೆ ಜನ ಒಮ್ಮೆ ಬಂದು ರುಚಿ ನೋಡಿ ಮತ್ತೆ ಬೈದು ಹೋಗುತ್ತಿದ್ದರು.

ದುರಸ್ತಿಯೇ ಪ್ರಚಾರವಾದದ್ದಕ್ಕೆ ಮರ್ಸಿಡಿಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಅದರ ಹೊಸ ಎ–ಕ್ಲಾಸ್ ಕಾರನ್ನು ಪರೀಕ್ಷೆಗೆ ಒಡ್ಡಿತು. ರಸ್ತೆಗೆ ಹಠಾತ್ತನೆ ಕಡವೆ ಜಾತಿಯ ದೊಡ್ಡ ಪ್ರಾಣಿ ಅಡ್ಡ ಬಂದರೆ ತಪ್ಪಿಸಿಕೊಳ್ಳುವ ತಿರುವಿನ ಪರೀಕ್ಷೆ. ಚಾರ್ಮಾಡಿಯಲ್ಲೋ ಶಿರಾಡಿ ಘಾಟಿಯಲ್ಲೋ ರಾತ್ರಿ ವಾಹನ ಓಡಿಸಿದವರಿಗೆ ಅದರ ಬೆಲೆ ಗೊತ್ತು. ಕಾರು ಮಗುಚಿ ಬಿತ್ತು. ಕಂಪನಿ ಮೊದಲಿಗೆ ಪರೀಕ್ಷೆಯನ್ನೇ ದೂಷಿಸಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಟೀಕೆ ಹೆಚ್ಚಿದಾಗ ಮಾರಾಟ ನಿಲ್ಲಿಸಿ, ಆವರೆಗೆ ದುಬಾರಿ ಕಾರುಗಳಿಗೆ ಮೀಸಲಾಗಿದ್ದ ಇಎಸ್‌ಪಿ ಎಂಬ ಸ್ಥಿರತೆ ಕಾಪಾಡುವ ವ್ಯವಸ್ಥೆಯನ್ನು ಆ ಪುಟ್ಟ ಕಾರಿಗೂ ಕಡ್ಡಾಯವಾಗಿ ಅಳವಡಿಸಿತು. ಮಾರಿದ್ದ ಕಾರುಗಳಿಗೂ ಅದನ್ನು ಹಾಕಿಕೊಟ್ಟಿತು. ಸಣ್ಣ ಕಾರಿನಲ್ಲೂ ಇಂತಹ ಸುರಕ್ಷತೆ ಎಂದು ಪ್ರಚಾರ ಮಾಡಿತು. 2014ರ ಹೊತ್ತಿಗೆ ಯೂರೋಪ್ ಒಕ್ಕೂಟ ಎಲ್ಲ ಹೊಸ ಕಾರುಗಳಿಗೂ ಈ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಒಂದು ಕಾರು ಮಗುಚಿದ್ದು ಸುರಕ್ಷತೆಯ ತಂತ್ರಜ್ಞಾನ ಸಾಮಾನ್ಯ ಜನರಿಗೆ ಬೇಗ ತಲುಪಲು ನೆರವಾಯಿತು.

ನಮ್ಮಲ್ಲಿ 2003ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊಸ್ತಿಲಲ್ಲಿ, ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಚಾಕೊಲೇಟಿನಲ್ಲಿ ಹುಳು ಸಿಕ್ಕಿತು. ಅಂಗಡಿಗಳಲ್ಲಿ ಸರಿಯಾಗಿ ಇಡದಿರುವುದೇ ಕಾರಣ ಎಂದು ಕಂಪನಿ ಮೊದಲು ಹೇಳಿತು. ಅದರಲ್ಲಿ ನಿಜಾಂಶ ಇದ್ದಿರಬಹುದು. ಆದರೆ ಮಗುವಿನ ಕೈಗೆ ಚಾಕೊಲೇಟ್ ಕೊಟ್ಟ ತಾಯಿಗೆ ಗೋದಾಮಿನ ವಿವರ ಬೇಕಾಗಿಲ್ಲ. ಬಳಿಕ ಕಂಪನಿ 'ವಿಶ್ವಾಸ್' ಹೆಸರಿನ ಯೋಜನೆ ತಂದು ಅಂಗಡಿಗಳ ದಾಸ್ತಾನು ತಪಾಸಣೆ ಶುರುಮಾಡಿತು. 2004ರಲ್ಲಿ ಸುತ್ತಲೂ ಅಂಟಿಸಿ ಮುಚ್ಚಿದ ಹೊಸ ಹೊದಿಕೆ ಬಂತು, ಅಮಿತಾಭ್ ಬಚ್ಚನ್ ಬಂದು ಭರವಸೆ ಕೊಟ್ಟರು. ತಾರೆಯ ಮುಖ ಮರೆತುಹೋಗುತ್ತದೆ, ಭದ್ರವಾಗಿ ಮುಚ್ಚಿದ ಹೊದಿಕೆ ಉಳಿಯುತ್ತದೆ. ಅಮೆರಿಕದಲ್ಲಿ 1982ರಲ್ಲಿ ಯಾರೋ ಅಂಗಡಿಗಳಲ್ಲಿದ್ದ ಟೈಲೆನಾಲ್ ಎಂಬ ನೋವಿನ ಮಾತ್ರೆಗಳಿಗೆ ಸೈನೈಡ್ ಬೆರೆಸಿ ಶಿಕಾಗೊ ಸುತ್ತಮುತ್ತ ಏಳು ಜನ ಸತ್ತಾಗಲೂ ಹೀಗೆಯೇ ಆಯಿತು. ಅದನ್ನು ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ತನ್ನ ತಪ್ಪಿಲ್ಲದಿದ್ದರೂ ಸುಮಾರು 3.1 ಕೋಟಿ ಸೀಸೆಗಳನ್ನು ವಾಪಸು ಕರೆಸಿತು, ತೆರೆದರೆ ಗುರುತು ಬೀಳುವ ಮುಚ್ಚಳ ತಂದಿತು. ಇಂದು ನಾವು ಔಷಧದ ಸೀಸೆಯ ಬಾಯಿಯ ಹಾಳೆಯನ್ನು ಹರಿದು ತೆಗೆಯುವ ರೂಢಿ ಬೆಳೆದದ್ದು ಆ ಘಟನೆಯ ನಂತರ.

ಇನ್ನು ಕತ್ತಲ ಕಡೆಗೆ. 'ಲೆಮನ್' ಎಂದು ಬರೆದು ಪ್ರಾಮಾಣಿಕತೆಯ ಹೆಸರು ಗಳಿಸಿದ ಅದೇ ಫೋಕ್ಸ್‌ವ್ಯಾಗನ್ 2015ರಲ್ಲಿ ಸಿಕ್ಕಿಬಿತ್ತು. ಡೀಸೆಲ್ ಎಂಜಿನ್ ಹೊಗೆಯುಗುಳುತ್ತದೆ ಎಂಬುದು ಹಳೆಯ ದೂರು. ಆ ಕುಂದನ್ನು ಗೆದ್ದಿದ್ದೇವೆ, ನಮ್ಮದು ಶುದ್ಧ ಡೀಸೆಲ್ ಎಂದು ಕಂಪನಿ ಅಮೆರಿಕದಲ್ಲಿ ವರ್ಷಗಟ್ಟಲೆ ಪ್ರಚಾರ ಮಾಡಿತ್ತು. ವಾಸ್ತವದಲ್ಲಿ ಕಾರಿನೊಳಗಿನ ತಂತ್ರಾಂಶ ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಹದ್ದುಬಸ್ತಿನಲ್ಲಿಡುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಮಿತಿಯ ನಲವತ್ತು ಪಟ್ಟಿನವರೆಗೂ ಹೊಮ್ಮುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ತಂತ್ರಾಂಶವಿತ್ತು. ಕುಂದನ್ನು ಹೆಗ್ಗಳಿಕೆ ಮಾಡುವ ಕಲೆ ಎಷ್ಟು ಬೇಗ ಕುಂದನ್ನು ಮುಚ್ಚುವ ಕಲೆಯಾಗಬಲ್ಲದು ಎಂಬುದಕ್ಕೆ ಒಂದೇ ಕಂಪನಿಯ ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಪುನುಗಿನ ಬೆಕ್ಕಿನ ಕಾಫಿಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಣ್ಣು ತಿಂದ ಬೆಕ್ಕಿನ ಹಿಕ್ಕೆಯಲ್ಲಿ ಸಿಗುವ ಬೀಜ ಮೊದಲು ಯಾರಿಗೂ ಬೇಡದ ಸರಕು. ಇಂಡೊನೇಷ್ಯಾದಲ್ಲಿ ಅದಕ್ಕೆ ಅಪರೂಪದ ಕಥೆ ಅಂಟಿ, ಬೆಲೆ ಗಗನಕ್ಕೇರಿತು. ಕಾಡಿನಲ್ಲಿ ಹುಡುಕಿ ತರುವವರೆಗೆ ಸರಿ. ಬೇಡಿಕೆ ಏರಿದಾಗ ಬೆಕ್ಕುಗಳನ್ನು ಪಂಜರಕ್ಕೆ ಹಾಕಿ, ಬಲವಂತವಾಗಿ ಕಾಫಿ ಹಣ್ಣು ತಿನ್ನಿಸುವ ಸಾಕಣೆಗಳು ಹುಟ್ಟಿದವು. ಕುಂದಿನ ಕಥೆ ಗೆದ್ದಿತು, ಅದರ ಬೆಲೆಯನ್ನು ಬಾಯಿಲ್ಲದ ಪ್ರಾಣಿ ತೆರುತ್ತಿದೆ. ನಮ್ಮ ತೋಟಗಳಲ್ಲಿ ರಾತ್ರಿ ಓಡಾಡುವ ಆ ಜೀವವನ್ನು ಕಂಡವರು ಯಾರೂ ಪಂಜರದಲ್ಲಿ ಹೀಗೆ ಮಾಡಿಸಿದ ಕಾಫಿಯನ್ನು ಕುಡಿಯಲಾರರು.

ಹಾಗಾದರೆ ಕೊಳ್ಳುವವರು ಏನನ್ನು ನೋಡಬೇಕು? ನಾನು ಮೊದಲು ಕೇಳಿಕೊಳ್ಳುವುದು, ಈ ಕುಂದಿನ ನಷ್ಟ ಯಾರ ತಲೆಗೆ ಬಂತು ಎಂದು. ಸೇಬಿನ ಕಲೆಯಿಂದ ಯಾರಿಗೂ ನಷ್ಟವಿಲ್ಲ. ಟೈಲೆನಾಲ್ ನಷ್ಟವನ್ನು ಕಂಪನಿ ಹೊತ್ತಿತು. ಡೀಸೆಲ್ ಹೊಗೆಯನ್ನು ಊರಿನ ಮಕ್ಕಳು ಉಸಿರಾಡಿದರು. ಆಮೇಲೆ, ಒಪ್ಪಿಕೊಂಡ ಕುಂದೇ ನಿಜವಾದ ಕುಂದೇ ಅಥವಾ ದೊಡ್ಡದನ್ನು ಮರೆಮಾಡಲು ಸಣ್ಣದನ್ನು ಮುಂದಿಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಸುಲಭವಾಗಿ ಗುರುತಿಸಬಹುದು. ಮೀಸೆಯ ಮಣ್ಣನ್ನಷ್ಟೇ ತೋರಿಸಿ ಮುರಿದ ಕಾಲನ್ನು ಪಂಚೆಯಲ್ಲಿ ಮುಚ್ಚಿಕೊಳ್ಳುವವರನ್ನು ಗುರುತಿಸುವುದು ಕಷ್ಟ. ಮಾತಿನ ಜೊತೆಗೆ ಏನು ಬದಲಾಯಿತು, ಮೆಚ್ಚದಿದ್ದರೆ ಹಣ ವಾಪಸು ಕೊಡುತ್ತಾರೆಯೇ, ಎಂಬುದು ಕೊನೆಯ ಪರೀಕ್ಷೆ.

ಕಾನೂನು ಕೂಡ ನಮ್ಮ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷಪೂರಿತ ಸರಕಿನಿಂದ ಹಾನಿಯಾದರೆ ತಯಾರಕರನ್ನು ಹೊಣೆ ಮಾಡಬಹುದು. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಪುನರಾವರ್ತಿಸಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲದು. 2022ರ ಮಾರ್ಗಸೂಚಿಯಂತೆ ಜಾಹೀರಾತಿನ ಎಚ್ಚರಿಕೆಯ ಸಾಲು ಮುಖ್ಯ ಮಾತಿನ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ ಇರಬೇಕು. ದೂರಿಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಚಿಕೋರಿ ಎಂಬ ಗಿಡದ ಬೇರಿನ ಪುಡಿ ಬೆರೆಸಿದ ಕಾಫಿಯ ಪ್ಯಾಕೆಟ್ಟಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾ ಲೆಕ್ಕದಲ್ಲಿ ಮುದ್ರಿಸಬೇಕು, ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಲೇಬೇಕು. ಕಾಫಿ ಸಿಗದ ಕಾಲದಲ್ಲಿ ಬದಲಿಯಾಗಿ ಬಂದ ಬೇರು ಇಂದು ಡಿಕಾಕ್ಷನ್ನಿಗೆ ಮಂದವನ್ನೂ ಬಣ್ಣವನ್ನೂ ಕೊಡುವ ಸಂಗಾತಿಯಾಗಿದೆ, ಅದನ್ನು ಬೇಕೆಂದೇ ಕೊಳ್ಳುವವರಿದ್ದಾರೆ. ಎಂಬತ್ತು–ಇಪ್ಪತ್ತೋ ಅರವತ್ತು–ನಲವತ್ತೋ ಎಂದು ಓದಿ ಕೊಂಡರೆ ಅದು ರುಚಿಯ ಆಯ್ಕೆ. ಓದಗೊಡದೆ ಮಾರಿದರೆ ಕಲಬೆರಕೆ.

ನನ್ನನ್ನು ಕಾಡುವ ಇನ್ನೊಂದು ಸಂಗತಿ ಇದೆ. ಕುಂದನ್ನು ಕಥೆಯಾಗಿಸುವ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. 2014ರಲ್ಲಿ ಫ್ರಾನ್ಸಿನ ಇಂಟರ್‌ಮಾರ್ಶೆ ಅಂಗಡಿಗಳು ಸೊಟ್ಟ ಕ್ಯಾರೆಟ್, ವಕ್ರ ಆಲೂಗಡ್ಡೆಗಳನ್ನು ಪ್ರೀತಿಯಿಂದ ಚಿತ್ರಿಸಿ, ಶೇ 30 ಕಡಿಮೆ ಬೆಲೆಗೆ ಮಾರಿ ಜಗತ್ತಿನ ಗಮನ ಸೆಳೆದವು. ಹಾಸನದ ರೈತರು ಅಂಗಮಾರಿ ರೋಗದಿಂದ ಉಳಿಸಿಕೊಂಡು ತಂದ ಆಲೂಗಡ್ಡೆಯಲ್ಲಿ ಸಣ್ಣದು, ಸೊಟ್ಟದು ಬೇರೆ ರಾಶಿಗೆ ಬಿದ್ದು ಬೆಲೆ ಇಳಿಯುತ್ತದೆ. ಬೇಯಿಸಿದರೆ ರುಚಿಯಲ್ಲಿ ವ್ಯತ್ಯಾಸವಿಲ್ಲ. ಅದಕ್ಕೊಂದು ಚೀಟಿ ಬರೆದಿಡುವವರು ಯಾರೂ ಇಲ್ಲ.

ಕಳೆದ ಸುಗ್ಗಿಯಲ್ಲಿ ಚಿಕ್ಕಪ್ಪ ಸ್ವಲ್ಪ ಕಾಫಿಯನ್ನು ತಾವೇ ಹುರಿಸಿ, ಪುಡಿ ಮಾಡಿಸಿ, ಪರಿಚಯದವರಿಗೆ ಮಾರಲು ತೀರ್ಮಾನಿಸಿದರು. ಲೇಬಲ್ಲಿನ ಒಕ್ಕಣೆ ಬರೆಯುವ ಕೆಲಸ ನನ್ನದು. ಯಂತ್ರದ ದರ್ಜೆ ವಿಂಗಡಣೆ ಆಗಿಲ್ಲ, ದೊಡ್ಡ, ಸಣ್ಣ, ದುಂಡು ಬೀಜ ಎಲ್ಲವೂ ಸೇರಿದೆ, ಆದ್ದರಿಂದ ಪ್ರತಿ ಹುರಿಗೆ ಬಣ್ಣದಲ್ಲಿ ಅಷ್ಟಿಷ್ಟು ಏರುಪೇರಾಗಬಹುದು, ಇದು ಒಂದೇ ತೋಟದ ಪೂರ್ತಿ ಬೆಳೆಯ ರುಚಿ ಎಂದು ಬರೆದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇಷ್ಟೇ ಸಾಲದು. ಆ ವರ್ಷ ಮಳೆಗೆ ಸಿಕ್ಕಿದ್ದು ಊರಿಗೆಲ್ಲ ಗೊತ್ತು. ನೆನೆದ ಕಾಫಿ ಇದಕ್ಕೆ ಸೇರಿಸಿಲ್ಲ, ನಂಬಿಕೆಯಿಲ್ಲದವರು ಬಂದು ಕಣ ನೋಡಬಹುದು ಎಂದು ಬರೆ, ಫೋನ್ ನಂಬರೂ ಹಾಕು" ಎಂದರು. ಜಾಗ ಸಾಲುವುದಿಲ್ಲ ಎಂದೆ. ಅವರು ಪೆನ್ನು ತೆಗೆದುಕೊಂಡು, ಮೇಲೆ ನಾನು ದೊಡ್ಡದಾಗಿ ಬರೆದಿದ್ದ ತೋಟದ ಹೆಸರನ್ನು ಚಿಕ್ಕದು ಮಾಡಿ ಜಾಗ ಬಿಡಿಸಿಕೊಟ್ಟರು.